ಉಚಿತ ಎಂಬ ಮಾತು

ನಿವೃತ್ತಿಯ ನಂತರ ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ನಮ್ಮೂರ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೂ ಒಂದು. ಹಳೆಯ ಭಾವಚಿತ್ರಗಳನ್ನು ಸ್ಕ್ಯಾನ್ ಮಾಡಿ, ಕಲೆ ಮಡಿಕೆಗಳನ್ನು ಅಳಿಸಿ, ಅಚ್ಚಿಗೆ ಸಿದ್ಧಗೊಳಿಸಬೇಕಾಗಿತ್ತು. ನನ್ನ ಗಣಕಯಂತ್ರದಲ್ಲಿ ಫೋಟೋಶಾಪ್ ತಂತ್ರಾಂಶವಿತ್ತು. ಪರಿಚಿತರೊಬ್ಬರು ಎಂದೋ ಹಾಕಿಕೊಟ್ಟ ಕಳ್ಳ ಪ್ರತಿ ಅದು. ಒಂದು ಸಂಜೆ ನೆರವಿಗೆಂದು ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗ ಪಕ್ಕದಲ್ಲಿ ಕುಳಿತು ನೋಡುತ್ತಿದ್ದವನು, "ಸರ್, ಇದಕ್ಕೆ ಎಷ್ಟು ಕೊಟ್ಟಿರಿ?" ಎಂದು ಕೇಳಿದ. "ಇದು ಫ್ರೀ ಕಣಪ್ಪಾ" ಎಂದೆ. ಅವನು ನಂಬಿ ತಲೆಯಾಡಿಸಿದ. ಮೂವತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಕಲು ಚೀಟಿ ಹಿಡಿದ ಕೈ ನನ್ನದು. ಅಂದು ರಾತ್ರಿ ಊಟ ರುಚಿಸಲಿಲ್ಲ.

ನಾನು ಹೇಳಿದ್ದು ಸುಳ್ಳೇ? ಹಣ ಕೊಟ್ಟಿರಲಿಲ್ಲ ಎಂಬುದು ನಿಜ. ಆದರೆ ಕನ್ನಡದಲ್ಲಿ 'ಉಚಿತ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೆಲೆ ತೆರದೆ ದೊರೆತದ್ದು ಒಂದು, ತಕ್ಕುದಾದುದು ಇನ್ನೊಂದು. ಔಚಿತ್ಯ, ಸಮುಚಿತ, ಅನುಚಿತ ಎಂಬ ಪದಗಳೆಲ್ಲ ಈ ಎರಡನೆಯ ಅರ್ಥದ ಬಳಗ. ನನ್ನ ತಂತ್ರಾಂಶವು ಮೊದಲ ಅರ್ಥದಲ್ಲಿ ಉಚಿತವಾಗಿತ್ತು, ಎರಡನೆಯ ಅರ್ಥದಲ್ಲಿ ಅನುಚಿತವಾಗಿತ್ತು.

ಇದಕ್ಕೊಂದು ಸಮಾಧಾನ ಎಲ್ಲರ ನಾಲಿಗೆಯ ಮೇಲೂ ಇದೆ. ನೆರೆಯವನ ಕೋಳಿ ಕದ್ದರೆ ಅವನ ಗೂಡು ಬರಿದಾಗುತ್ತದೆ. ತಂತ್ರಾಂಶದ ಪ್ರತಿ ತೆಗೆದರೆ ಮೂಲ ಅಲ್ಲಿಯೇ ಇರುತ್ತದೆ. ಕೊಳ್ಳುವ ಶಕ್ತಿಯೇ ಇಲ್ಲದವನು ನಕಲು ಮಾಡಿಕೊಂಡರೆ ದೊಡ್ಡ ಕಂಪನಿಗೆ ಹೋಗುವುದಾದರೂ ಏನು? ಈ ವಾದದೊಡನೆ ನಾನು ಬಹಳ ಹೆಣಗಿದೆ. ಅದನ್ನು ಪೂರ್ತಿ ತಳ್ಳಿಹಾಕಲು ಆಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. 2013ರಿಂದ ಅದರ ಹೊಸ ಆವೃತ್ತಿಗಳು ಚಂದಾ ಪದ್ಧತಿಯಲ್ಲಿಯೇ ದೊರೆಯುತ್ತಿವೆ. ಮೇಷ್ಟ್ರ ಪಿಂಚಣಿಗೆ ಅದು ಭಾರವೇ ಸರಿ. ನನ್ನನ್ನು ಕದಲಿಸಿದ್ದು ಬೇರೊಂದು ಸಂಗತಿ. ಇದೇ ಕೆಲಸ ಮಾಡುವ ಮತ್ತೊಂದು ತಂತ್ರಾಂಶವನ್ನು ಅದರ ಕರ್ತೃಗಳೇ ಜಗತ್ತಿಗೆ ಕೊಟ್ಟುಬಿಟ್ಟಿದ್ದರು.

ಅದರ ಹೆಸರು ಗಿಂಪ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಅದನ್ನು ಆರಂಭಿಸಿದರು. 1996ರಲ್ಲಿ ಅದು ಸಾರ್ವಜನಿಕರ ಕೈಸೇರಿತು. ಪರದೆಯ ಮೇಲಿನ ಗುಂಡಿ, ಪಟ್ಟಿಗಳನ್ನು ರಚಿಸಲು ಅವರು ಮೊದಲು ಮೋಟಿಫ್ ಎಂಬ ವಾಣಿಜ್ಯ ಸಾಮಗ್ರಿಯನ್ನು ಆಶ್ರಯಿಸಿದ್ದರು. ಎಂದರೆ, ಕೊಟ್ಟ ವಸ್ತುವಿನೊಳಗೆ ಇನ್ನೊಬ್ಬರ ಹಕ್ಕಿನ ಭಾಗವೊಂದು ಉಳಿದಿತ್ತು. ಅದನ್ನು ಬಿಟ್ಟು, ಜಿಟಿಕೆ ಎಂಬ ತಮ್ಮದೇ ಸಾಧನವನ್ನು ಕಟ್ಟಿ, ಅದನ್ನೂ ಕೊಟ್ಟರು. ಅವರು ವ್ಯಾಸಂಗ ಮುಗಿಸಿ ಹೊರಟ ಮೇಲೆ ಬೇರೆಯವರು ಕೈಹಚ್ಚಿದರು. 2025ರಲ್ಲಿ ಗಿಂಪ್ 3.0 ಹೊರಬಂತು. ಅದರ ಪರವಾನಗಿಯಂತೆ ಯಾರಾದರೂ ಬಳಸಬಹುದು, ಒಳಗನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಹಣ ಪಡೆದರೂ ಅಡ್ಡಿಯಿಲ್ಲ. ಪಡೆದವನಿಗೆ ಅದೇ ಸ್ವಾತಂತ್ರ್ಯವನ್ನು ನಿರಾಕರಿಸುವಂತಿಲ್ಲ.

ಹೀಗಿರುವಾಗ ನನ್ನ ಕಳ್ಳ ಪ್ರತಿಯಿಂದ ನಷ್ಟ ಯಾರಿಗೆ? ಕದ್ದಾದರೂ ಎಲ್ಲರೂ ಒಂದನ್ನೇ ಬಳಸಿದರೆ ಮುದ್ರಣಾಲಯ ಅದನ್ನೇ ಕೇಳುತ್ತದೆ, ತರಬೇತಿ ಕೇಂದ್ರ ಅದನ್ನೇ ಕಲಿಸುತ್ತದೆ, ಮಕ್ಕಳು ಅದೊಂದೇ ಇದೆ ಎಂದು ತಿಳಿಯುತ್ತಾರೆ. ನಾವು ಅಂಗಡಿಯಿಂದ ಕದ್ದರೂ ಅಂಗಡಿಯ ಹೆಸರು ಬೆಳೆಯುತ್ತದೆ. ದಾರಿಬದಿಯ ಅರವಟ್ಟಿಗೆಯ ನೀರು ಕುಡಿಯುವವರಿಲ್ಲದೆ ಉಳಿಯುತ್ತದೆ. ಬಡತನದ ನೆಪ ಹೇಳುತ್ತಿದ್ದ ನನಗೆ ಈ ಅರವಟ್ಟಿಗೆ ಕಂಡಿರಲಿಲ್ಲ, ಅಥವಾ ಅಲ್ಲಿಯವರೆಗೆ ನಡೆಯುವ ಶ್ರಮ ಬೇಡವಾಗಿತ್ತು.

ಶ್ರಮವಂತೂ ಇತ್ತು. ಬೆರಳುಗಳು ಹಳೆಯ ಕೀಲಿಗಳನ್ನೇ ಹುಡುಕುತ್ತಿದ್ದವು. 'ಸೇವ್' ಎಂದರೆ ಎಕ್ಸ್‌ಸಿಎಫ್ ಎಂಬ ತನ್ನದೇ ಕಡತ. ಜೆಪೆಗ್ ಬೇಕಿದ್ದರೆ 'ಎಕ್ಸ್‌ಪೋರ್ಟ್' ಎನ್ನಬೇಕು. ಇಷ್ಟು ತಿಳಿಯಲು ಒಂದು ಮಧ್ಯಾಹ್ನ ಕಳೆಯಿತು. ಸಿಡುಕಿದೆ, ಆಮೇಲೆ ನಾಚಿದೆ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ! ಆದರೆ ಇಲ್ಲಿ ದಾನಿಗಳೇ ಹಲ್ಲು ನೋಡಿ ಹೇಳಿ ಎನ್ನುತ್ತಾರೆ. ಕಂಡ ದೋಷವನ್ನು ತಿಳಿಸುವುದೂ ಒಂದು ಕೊಡುಗೆಯೇ. ಶಾಲೆಯ ಮೊದಲ ತಂಡದ ಚಿತ್ರದಲ್ಲಿ ಮುಖ್ಯೋಪಾಧ್ಯಾಯರ ಕೆನ್ನೆಯ ಮೇಲೆ ಮಡಿಕೆಯೊಂದು ಹಾದುಹೋಗಿತ್ತು. 'ಹೀಲ್' ಎಂಬ ಉಪಕರಣದಿಂದ ಕೆನ್ನೆಯ ಸುಸ್ಥಿತಿಯ ಭಾಗವನ್ನು ಗುರುತಿಸಿ, ಮಡಿಕೆಯ ಮೇಲೆ ಮೆಲ್ಲನೆ ಸವರುತ್ತ ಹೋದೆ. ಸುತ್ತಲಿನ ಬೆಳಕಿನೊಡನೆ ಅದು ಬೆರೆತು, ನನಗೆ ಅಕ್ಷರ ಕಲಿಸಿದವರ ಮುಖ ಇಡಿಯಾಗಿ ಮೂಡಿತು. ಕೆಳಗೆ ಅವರ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಬರೆದೆ. ಒತ್ತಕ್ಷರಗಳು ಒಡೆಯದೆ ಕುಳಿತವು.

ಹುಡುಗನನ್ನು ಕರೆದು ಹಿಂದಿನ ಮಾತನ್ನು ತಿದ್ದಿದೆ. ಅವನು ಸುಲಭಕ್ಕೆ ಬಿಡಲಿಲ್ಲ.

"ಈಗಿನದಕ್ಕೆ ಎಷ್ಟು ಕೊಟ್ಟಿರಿ, ಸರ್?"

"ಏನೂ ಇಲ್ಲ."

"ಹಾಗಾದರೆ ವ್ಯತ್ಯಾಸವೇನು?"

ಉಪನ್ಯಾಸ ಕೊಡಲು ಬಾಯಿ ಬರಲಿಲ್ಲ. ಒಂದು ಪ್ರತಿಯನ್ನು ಅವನ ಕೈಗಿತ್ತು, "ಮನೆಯಲ್ಲಿ ಹಾಕಿಕೋ, ಗೆಳೆಯರಿಗೂ ಕೊಡು. ಯಾರು ಕೊಟ್ಟರೆಂದು ಕೇಳಿದರೆ ನನ್ನ ಹೆಸರು ಹೇಳು" ಎಂದೆ.

ಒಳಪುಟಗಳೆಲ್ಲ ಕಪ್ಪುಬಿಳುಪು, ತೊಂದರೆಯಾಗಲಿಲ್ಲ. ಬಣ್ಣದ ಮುಖಪುಟದ್ದೇ ತಕರಾರು. ಅಚ್ಚಿಗೆ ಬೇಕಾದ ನಾಲ್ಕು ಬಣ್ಣಗಳ ಪದ್ಧತಿಯಲ್ಲಿ ಗಿಂಪ್ ಇನ್ನೂ ಪೂರ್ತಿ ಪಳಗಿಲ್ಲ. ಮುದ್ರಣಾಲಯದವರು ಮರುಗಿ, "ಯಾಕೆ ಮೇಷ್ಟ್ರೇ ಕಷ್ಟಪಡ್ತೀರಿ?" ಎಂದು ಫೋಟೋಶಾಪಿನ ಹೊಸ ಕಳ್ಳ ಪ್ರತಿಯಿದ್ದ ಪೆನ್ ಡ್ರೈವ್ ಒಂದನ್ನು ಕೈಗಿಟ್ಟರು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು. ಬೇಡವೆನ್ನಲಾರದೆ ಕಿಸೆಗೆ ಹಾಕಿಕೊಂಡೆ. ಅದು ನನ್ನ ಮೇಜಿನ ಖಾನೆಯಲ್ಲಿದೆ. ಮುಖಪುಟ ಇನ್ನೂ ಬಾಕಿಯಿದೆ.