ಮೂವತ್ತೈದು ದಿನಗಳ ಗಾದಿ

ಊರಿನ ಜಗಳಗಳನ್ನು ನ್ಯಾಯವಾಗಿ ತೀರಿಸುತ್ತಾನೆ ಎಂದು ಹೆಸರಾದವನಿಗೆ ಊರಿನ ಗೌಡಿಕೆಯನ್ನೂ ಕೊಟ್ಟುಬಿಟ್ಟರೆ, ನಾಳೆ ಗೌಡನ ಮೇಲೆಯೇ ದೂರು ಬಂದಾಗ ಯಾವ ಕಟ್ಟೆಗೆ ಹೋಗಬೇಕು? ಪ್ರಶ್ನೆ ಹಳೆಯದು, ಆದರೆ ರಾಜಕೀಯ ಕೆಟ್ಟಾಗಲೆಲ್ಲ ಹೊಸದಾಗಿ ಎದುರಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ನೇಪಾಳದ ಯುವಜನ ಬೀದಿಗಿಳಿದು ಸರ್ಕಾರ ಉರುಳಿದಾಗ, ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಹಂಗಾಮಿ ಪ್ರಧಾನಿಯಾದರು. ಹೊಸಪೇಟೆಯಲ್ಲಿ ನಾನು ಪಾಠ ಹೇಳುವ ಹುಡುಗ ಹುಡುಗಿಯರಿಗೆ ಆ ಸುದ್ದಿ ಬಹಳ ಹಿಡಿಸಿತು. ನಮ್ಮಲ್ಲೂ ಒಬ್ಬ ಒಳ್ಳೆಯ ಜಡ್ಜನ್ನು ತಂದು ಕೂರಿಸಿದರೆ ಎಲ್ಲ ಸರಿಹೋಗುತ್ತದಲ್ಲ ಸಾರ್, ಎಂದು ಕೇಳಿದರು.

ಈ ಆಸೆಯನ್ನು ನಾನು ಲಘುವಾಗಿ ಕಾಣಲಾರೆ. ಅದರ ಹಿಂದೆ ಒಂದು ನಂಬಿಕೆಯಿದೆ. ಅಧಿಕಾರ ಬೇಡುವವನಿಗಿಂತ ಬೇಡದವನ ಕೈಯಲ್ಲಿ ಅಧಿಕಾರ ಸುರಕ್ಷಿತ ಎಂಬ ನಂಬಿಕೆ ಅದು. ಭಾರತದಲ್ಲಿ ಅದು ಒಮ್ಮೆ ನಿಜವಾಗಿಯೇ ಪರೀಕ್ಷೆಗೆ ಒಳಗಾಗಿತ್ತು. ನಾವು ಅದನ್ನು ಬಹುತೇಕ ಮರೆತಿದ್ದೇವೆ.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಈ ಎರಡೂ ಸ್ಥಾನ ಒಟ್ಟಿಗೆ ಖಾಲಿಯಾದರೆ ಏನು ಗತಿ ಎಂಬುದನ್ನು ಸಂವಿಧಾನ ಹೇಳಿರಲಿಲ್ಲ, ಸಂಸತ್ತಿಗೆ ಬಿಟ್ಟಿತ್ತು. ಅದೇ ಮೇ ತಿಂಗಳಲ್ಲಿ ಸಂಸತ್ತು ಒಂದು ಸಣ್ಣ ಕಾಯ್ದೆ ಮಾಡಿತು: ಅಂಥ ಹೊತ್ತಿನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ, ಅವರಿಲ್ಲದಿದ್ದರೆ ಸುಪ್ರೀಂ ಕೋರ್ಟಿನ ಅತ್ಯಂತ ಹಿರಿಯ ನ್ಯಾಯಾಧೀಶರು ರಾಷ್ಟ್ರಪತಿಯ ಕೆಲಸ ನೋಡಿಕೊಳ್ಳಬೇಕು. ಎರಡೇ ತಿಂಗಳಲ್ಲಿ ಆ ಕಾಯ್ದೆಗೆ ಕೆಲಸ ಬಿತ್ತು.

ಆಗ ಕಾಂಗ್ರೆಸ್ ಒಡೆಯುತ್ತಿತ್ತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ, ಪ್ರಧಾನಿ ಇಂದಿರಾ ಗಾಂಧಿ. ಆ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಹಿರಿಯರು ಇಂದಿರಾ ಅವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯಾಗಿ ಆರಿಸಿದರು. ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಖಾತೆ ಕಳೆದುಕೊಂಡರು. ಜುಲೈ 19ರಂದು 14 ಬ್ಯಾಂಕುಗಳು ಸುಗ್ರೀವಾಜ್ಞೆಯ ಮೂಲಕ ಸರ್ಕಾರದ ಸ್ವತ್ತಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿದ್ದವು. ಮರುದಿನ ಗಿರಿಯವರು ತಾವೇ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. ಹೀಗೆ 1969ರ ಜುಲೈ 20ರಂದು ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ದೇಶದ ಮುಖ್ಯಸ್ಥರಾದರು. ಅದೇ ಹೊತ್ತಿಗೆ ಚಂದ್ರನ ಮೇಲೆ ಮನುಷ್ಯ ಇಳಿಯುತ್ತಿದ್ದುದರಿಂದ ಲೋಕದ ಕಣ್ಣು ಬೇರೆ ಕಡೆ ಇತ್ತು. ಆಗಸ್ಟ್ 24ರಂದು, ಗೆದ್ದು ಬಂದ ಗಿರಿಯವರಿಗೆ ಸ್ಥಾನ ಬಿಟ್ಟುಕೊಟ್ಟು ಹಿದಾಯತುಲ್ಲಾ ನ್ಯಾಯಾಲಯಕ್ಕೆ ಮರಳಿದರು. ಒಟ್ಟು 35 ದಿನ.

ಇಷ್ಟೇ ಆಗಿದ್ದರೆ ಇದು ರಸಪ್ರಶ್ನೆಗೆ ಲಾಯಕ್ಕಾದ ಸಂಗತಿ. ಆದರೆ ಆ ಅವಧಿಯಲ್ಲಿ ಅವರು ಒಂದು ಮಹತ್ವದ ಸಹಿ ಹಾಕಿದರು. ಬ್ಯಾಂಕ್ ಸುಗ್ರೀವಾಜ್ಞೆಯ ಜಾಗದಲ್ಲಿ ಸಂಸತ್ತು ಅಂಗೀಕರಿಸಿದ ಮಸೂದೆಗೆ ಆಗಸ್ಟ್ 9ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಅಂಕಿತ ಹಾಕಿದವರು ಮುಖ್ಯ ನ್ಯಾಯಮೂರ್ತಿ. ಆ ಕಾಯ್ದೆಯನ್ನು ಪ್ರಶ್ನಿಸಿದ ಆರ್.ಸಿ. ಕೂಪರ್ ಪ್ರಕರಣ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಮುಂದೆ ಬಂತು. ಪೀಠದ ತುದಿಯ ಕುರ್ಚಿಯಲ್ಲಿದ್ದವರು ಜೆ.ಸಿ. ಶಾ. ಹಿದಾಯತುಲ್ಲಾ ಅಲ್ಲಿರಲಿಲ್ಲ, ಇರುವುದು ಸಲ್ಲುತ್ತಲೂ ಇರಲಿಲ್ಲ. 1970ರ ಫೆಬ್ರುವರಿ 10ರಂದು ಹತ್ತು ಜನ ಒಂದು ಕಡೆ, ಎ.ಎನ್. ರೇ ಒಬ್ಬರು ಇನ್ನೊಂದು ಕಡೆಯಾಗಿ ಕಾಯ್ದೆ ಬಿದ್ದುಹೋಯಿತು. ತಮ್ಮ ಮುಖ್ಯಸ್ಥರ ಅಂಕಿತವಿದ್ದ ಕಾಯ್ದೆಯನ್ನು ಅವರ ಸಹೋದ್ಯೋಗಿಗಳೇ ಅಸಿಂಧು ಎಂದರು. ಸರ್ಕಾರ ನಾಲ್ಕು ದಿನದಲ್ಲಿ ಹೊಸ ಸುಗ್ರೀವಾಜ್ಞೆ ತಂದು ಬ್ಯಾಂಕುಗಳನ್ನು ಉಳಿಸಿಕೊಂಡದ್ದು ಬೇರೆ ಕಥೆ.

ಇಲ್ಲಿ ಯಾರೂ ತಪ್ಪು ಮಾಡಲಿಲ್ಲ. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು, ಸಂಸತ್ತು ಒಪ್ಪಿದ್ದಕ್ಕೆ ಅಂಕಿತ ಹಾಕಿದರು. ನ್ಯಾಯಾಧೀಶರು ಕಾಯ್ದೆಯನ್ನು ಸಂವಿಧಾನದೊಂದಿಗೆ ಹೋಲಿಸಿ ನೋಡುವವರು, ನೋಡಿದರು. ಆದರೂ ಒಬ್ಬನೇ ಮನುಷ್ಯ ಎರಡೂ ಕಡೆ ನಿಂತಾಗ ಆ ಎರಡು ಕೆಲಸಗಳ ಗುಣ ಎಷ್ಟು ಬೇರೆ ಎಂಬುದು ಕಾಣುತ್ತದೆ. ನ್ಯಾಯಾಧೀಶ ಕೇಳಿದಾಗ ಮಾತ್ರ ಮಾತಾಡುತ್ತಾನೆ. ಎರಡೂ ಕಡೆಯವರನ್ನು ಕೇಳಿಯೇ ಹೇಳಬೇಕು, ಹೇಳಿದ್ದಕ್ಕೆ ಕಾರಣ ಬರೆಯಬೇಕು. ಆಳುವವನಿಗೆ ಈ ಮೂರು ಕಟ್ಟುಪಾಡುಗಳೂ ಇಲ್ಲ. ಆಗಸ್ಟ್ 9ರ ಆ ಸಹಿಗೆ ಒಂದು ಸಾಲಿನ ಕಾರಣವೂ ಬೇಕಿರಲಿಲ್ಲ. ಅದನ್ನು ಬೀಳಿಸಿದ ತೀರ್ಪಿಗೆ ಪುಟಗಟ್ಟಲೆ ಕಾರಣ ಬೇಕಾಯಿತು. ನಾವು ನ್ಯಾಯಾಧೀಶನನ್ನು ನಂಬುವುದು ಆತ ಸಾಧುಪುರುಷ ಎಂದಲ್ಲ, ಈ ಕಟ್ಟುಪಾಡುಗಳೊಳಗೆ ಇರುತ್ತಾನೆ ಎಂದು. ಗಾದಿಗೆ ಏರಿಸುವಾಗ ನಾವು ಮನುಷ್ಯನನ್ನು ಕರೆದೊಯ್ಯುತ್ತೇವೆ, ಕಟ್ಟುಪಾಡು ಕೆಳಗೇ ಉಳಿಯುತ್ತದೆ.

ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಹತ್ತಿರ ರಾಜರ ತುಲಾಭಾರದ ಕಲ್ಲಿನ ತೊಲೆ ಇನ್ನೂ ನಿಂತಿದೆ. ವಿಶೇಷ ದಿನಗಳಲ್ಲಿ ದೊರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂತು, ತನ್ನ ತೂಕದಷ್ಟು ಬಂಗಾರವನ್ನು ದಾನ ಕೊಡುತ್ತಿದ್ದ ಎಂದು ಹೇಳುತ್ತಾರೆ. ಪ್ರವಾಸ ಬಂದವರಿಗೆ ಅದನ್ನು ತೋರಿಸುವಾಗ ನನಗೆ ಹೊಳೆಯುವುದು ಇಷ್ಟು: ದೊರೆಯ ಜಾಗ ತಟ್ಟೆಯಲ್ಲಿ, ತಕ್ಕಡಿ ಹಿಡಿಯುವವನು ಬೇರೆಯವನು. ಇಬ್ಬರೂ ಒಬ್ಬನೇ ಆದರೆ ತೂಕ ನೋಡುವವರು ಇರುವುದಿಲ್ಲ.

ಹಾಗಾದರೆ ಹಿದಾಯತುಲ್ಲಾ ಒಲ್ಲೆ ಎನ್ನಬೇಕಿತ್ತೆ? ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಒಲ್ಲೆ ಎಂದಿದ್ದರೆ ಅದೇ ಹೊರೆ ಮುಂದಿನ ಹಿರಿಯ ನ್ಯಾಯಾಧೀಶರ ಹೆಗಲಿಗೆ ಬೀಳುತ್ತಿತ್ತು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಅವರನ್ನು ಕರೆದದ್ದು ಜನಜಂಗುಳಿಯಲ್ಲ, ಸೈನ್ಯವಲ್ಲ, ಪ್ರಧಾನಿಯೂ ಅಲ್ಲ. ಗಲಾಟೆ ಏಳುವ ಮೊದಲೇ ಬರೆದಿಟ್ಟ ಕಾಯ್ದೆ ಕರೆದಿತ್ತು. ಆ ಕಾಯ್ದೆ ಬರೆದಾಗ ಜುಲೈನಲ್ಲಿ ಯಾರಿಗೆ ಲಾಭವಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮರಳುವ ದಿನವೂ ಅದರಲ್ಲೇ ಅಡಗಿತ್ತು: ಹೊಸ ರಾಷ್ಟ್ರಪತಿ ಬಂದ ದಿನ.

ಇದನ್ನು ನೆರೆಹೊರೆಯೊಂದಿಗೆ ಹೋಲಿಸಿ ನೋಡಿ. ಬಾಂಗ್ಲಾದೇಶದಲ್ಲಿ 1975ರ ನವೆಂಬರ್ 6ರಂದು, ಕ್ಷಿಪ್ರಕ್ರಾಂತಿಗಳ ನಡುವೆ, ಮುಖ್ಯ ನ್ಯಾಯಮೂರ್ತಿ ಎ.ಎಸ್.ಎಂ. ಸಾಯೆಂ ಅವರನ್ನು ಸೈನ್ಯ ರಾಷ್ಟ್ರಪತಿ ಮಾಡಿತು. ಮಾರ್ಷಲ್ ಲಾ ಆಡಳಿತದ ಮುಖ್ಯಸ್ಥರೂ ಅವರೇ ಆದರು. ಮರುವರ್ಷ ಆ ಅಧಿಕಾರ ಜನರಲ್ ಜಿಯಾವುರ್ ರಹಮಾನ್ ಕೈಗೆ ಹೋಯಿತು, 1977ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ಪದವಿಯೂ ಹೋಯಿತು. ನ್ಯಾಯಮೂರ್ತಿಯ ಹೆಸರು ಬಂದೂಕಿಗೆ ಹೊದಿಸಿದ ಬಟ್ಟೆಯಾಗಿತ್ತು. ಅದೇ ದೇಶದಲ್ಲಿ 1990ರ ಡಿಸೆಂಬರಿನಲ್ಲಿ ಎರ್ಶಾದ್ ಕೆಳಗಿಳಿದಾಗ ಮುಖ್ಯ ನ್ಯಾಯಮೂರ್ತಿ ಶಹಾಬುದ್ದೀನ್ ಅಹಮದ್ ಹಂಗಾಮಿ ರಾಷ್ಟ್ರಪತಿಯಾದರು. ಚುನಾವಣೆ ನಡೆಸಿಕೊಟ್ಟು ತಮ್ಮ ಪೀಠಕ್ಕೆ ಮರಳುತ್ತೇನೆ ಎಂಬುದು ಅವರ ಷರತ್ತು. 1991ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಆ ಮರಳುವಿಕೆಗೆ ದಾರಿ ಮಾಡಿದರು, ಅಕ್ಟೋಬರಿನಲ್ಲಿ ಅವರು ಮರಳಿದರು. ಮೊದಲನೆಯವರಿಗೆ ಬಾಗಿಲು ಒಳಗೆ ಮಾತ್ರ ತೆರೆದಿತ್ತು, ಎರಡನೆಯವರು ಹೊರಗಿನ ಬಾಗಿಲನ್ನು ಮೊದಲೇ ಕೇಳಿ ಪಡೆದಿದ್ದರು.

ಹೊರಗಿನ ಬಾಗಿಲಿಲ್ಲದ ಉಸ್ತುವಾರಿ ಏನಾಗುತ್ತದೆ ಎಂದು ಹಂಪಿಗಿಂತ ಚೆನ್ನಾಗಿ ಹೇಳುವ ಊರು ಕಡಿಮೆ. ಸಾಳುವ ನರಸಿಂಹ ಸಾಯುವಾಗ ತನ್ನ ಎಳೆಯ ಮಕ್ಕಳನ್ನೂ ರಾಜ್ಯವನ್ನೂ ದಳಪತಿ ತುಳುವ ನರಸನಾಯಕನ ಕೈಗೆ ಒಪ್ಪಿಸಿದ. ಅಧಿಕಾರ ಮಕ್ಕಳಿಗೆ ಮರಳಲಿಲ್ಲ. 1505ರ ಹೊತ್ತಿಗೆ ನರಸನಾಯಕನ ಮಗ ವೀರನರಸಿಂಹ ತಾನೇ ಪಟ್ಟಕ್ಕೇರಿದ. ನಾವು ಹೆಮ್ಮೆಯಿಂದ ನೆನೆಯುವ ಕೃಷ್ಣದೇವರಾಯ ಅದೇ ವಂಶದವನು. ಮುಂದೆ ಅಳಿಯ ರಾಮರಾಯ ಸದಾಶಿವರಾಯನ ಹೆಸರಿನಲ್ಲಿ ಇಪ್ಪತ್ತು ವರ್ಷ ಮೀರಿ ಆಳಿದ, 1565ರ ರಕ್ಕಸತಂಗಡಿ ಯುದ್ಧದಲ್ಲಿ ಸತ್ತಾಗಲೂ ಹೆಸರಿಗೆ ಅವನು ರಾಜನಲ್ಲ. ಈ ಉಸ್ತುವಾರಿಗಳು ಅಸಮರ್ಥರಾಗಿರಲಿಲ್ಲ. ಸಮರ್ಥರಾಗಿದ್ದುದೇ ತೊಡಕು. ಚೆನ್ನಾಗಿ ನಡೆಸುತ್ತಿರುವವನನ್ನು ಹೋಗು ಎನ್ನಲು ಕಾರಣವೇ ಸಿಗುವುದಿಲ್ಲ.

ಸಂಡೂರಿಗೆ ಬಂದರೆ ಹಿದಾಯತುಲ್ಲಾ ಕಥೆಯ ಇನ್ನೊಂದು ತುದಿ ಸಿಗುತ್ತದೆ. 1949ರಲ್ಲಿ ಮದ್ರಾಸ್ ಪ್ರಾಂತದಲ್ಲಿ ವಿಲೀನವಾದ ಘೋರ್ಪಡೆ ಅರಸರ ಸಂಡೂರು ಒಂದು ಪುಟ್ಟ ಸಂಸ್ಥಾನ. ಇಂಥ ಸಂಸ್ಥಾನಗಳ ಅರಸರಿಗೆ ಸಂವಿಧಾನ ಕೊಟ್ಟಿದ್ದ ರಾಜಧನವನ್ನು ತೆಗೆಯುವ ತಿದ್ದುಪಡಿ 1970ರ ಸೆಪ್ಟೆಂಬರಿನಲ್ಲಿ ರಾಜ್ಯಸಭೆಯಲ್ಲಿ ಕೂದಲೆಳೆಯಲ್ಲಿ ಸೋತಿತು. ಮರುದಿನವೇ ರಾಷ್ಟ್ರಪತಿ ಗಿರಿಯವರ ಆದೇಶದಿಂದ ಅರಸರೆಲ್ಲರ ಮಾನ್ಯತೆ ರದ್ದಾಯಿತು. ಡಿಸೆಂಬರ್ 15ರಂದು ಹಿದಾಯತುಲ್ಲಾ ನೇತೃತ್ವದ 11 ನ್ಯಾಯಾಧೀಶರ ಪೀಠ ಆ ಆದೇಶವನ್ನು ಬಹುಮತದಿಂದ ರದ್ದು ಮಾಡಿತು. ಮರುದಿನ ಅವರ ಸೇವಾವಧಿ ಮುಗಿಯಿತು. ಒಂದು ವರ್ಷದ ಹಿಂದೆ ತಾವೇ ಕೂತಿದ್ದ ಕುರ್ಚಿಯಿಂದ ಬಂದ ಆದೇಶವನ್ನು ಅವರು ತಡೆದರು. ರಾಜಧನ ಇರಬೇಕಿತ್ತೆಂದು ನನ್ನ ವಾದವಲ್ಲ. 1971ರಲ್ಲಿ ಸಂವಿಧಾನವನ್ನೇ ತಿದ್ದಿ ಅದನ್ನು ಸರಿಯಾದ ದಾರಿಯಿಂದಲೇ ತೆಗೆದರು. ಆದರೆ ಗಾದಿಯ ರುಚಿ ಕಂಡವರು ಗಾದಿಗೆ ಇಲ್ಲ ಎನ್ನಬಲ್ಲರು ಎಂಬುದು ಅಂದು ಸಾಬೀತಾಯಿತು.

ಇಲ್ಲಿಗೆ ಮುಗಿಸಿದರೆ ಕಥೆ ಸುಖಾಂತ. ಆದರೆ ನಮ್ಮ ನೆಲ ಇನ್ನೊಂದು ಪಾಠವನ್ನೂ ಕಲಿಸಿದೆ. 2011ರ ಜುಲೈ 27ರಂದು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಬಳ್ಳಾರಿಯ ಅಕ್ರಮ ಗಣಿಗಾರಿಕೆ ಕುರಿತ ವರದಿ ಕೊಟ್ಟರು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಇಂಥವರೇ ನಾಡನ್ನು ಆಳಬೇಕು ಎಂಬ ಮಾತನ್ನು ಆಗ ಹೊಸಪೇಟೆಯ ಚಹಾದಂಗಡಿಗಳಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಆ ವರದಿಗೆ ಬಲ ಬಂದದ್ದು ಬರೆದವರು ಆಳುವವರಲ್ಲ ಎಂಬುದರಿಂದಲೇ ಎಂದು ಯಾರಿಗೂ ಅನ್ನಿಸಲಿಲ್ಲ. ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು, ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತು, ಅದಿರನ್ನು ಇ-ಹರಾಜಿನಲ್ಲೇ ಮಾರಬೇಕೆಂದಿತು. ಹರಾಜಿನ ಆ ನಿಯಮ 2022ರವರೆಗೆ ನಡೆಯಿತು. ಸಂಡೂರಿನ ಗುಡ್ಡಗಳು ಉಳಿದದ್ದು ಅದರಿಂದಲೇ, ನಾನು ಕೃತಜ್ಞ. ಆದರೆ ಕೆಲಸ ಹೋದ ಕೂಲಿಕಾರ, ಸಾಲ ಮಾಡಿ ಲಾರಿ ಕೊಂಡವನು ತನ್ನ ಅಹವಾಲನ್ನು ಎಲ್ಲಿ ಹೇಳಬೇಕಿತ್ತು? ಶಾಸಕರನ್ನು ಕೇಳಿದರೆ ಕೋರ್ಟಿನ ಕಡೆ ಕೈ ತೋರಿಸುವರು. ಕೋರ್ಟಿನ ಮೇಲೆ ಇನ್ನೊಂದು ಕೋರ್ಟಿಲ್ಲ. ಒಳ್ಳೆಯ ಆದೇಶವೂ, ಮೇಲ್ಮನವಿಗೆ ಜಾಗವಿಲ್ಲದಾಗ, ಕೆಳಗಿರುವವನಿಗೆ ವಿಧಿಯಂತೆ ಕಾಣುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಕಂಪ್ಲಿಯ ಗದ್ದೆಗಳಲ್ಲಿ ಭತ್ತ ಹಚ್ಚಿದವರು ನದಿಗೆ ಹರಿದುಹೋಗುವ ನೀರನ್ನು ನೋಡುತ್ತ ಕೂತಿದ್ದರು. ವಾರದೊಳಗೆ, ಹರಿಯುವ ನೀರಿನಲ್ಲೇ, ಸ್ಟಾಪ್‌ಲಾಗ್ ಇಳಿಸಿ ಕಿಂಡಿ ಮುಚ್ಚಿದರು. ಅದನ್ನು ಕೂರಿಸಿದವರಿಗೆ ಕೈಮುಗಿಯಬೇಕು. ಆದರೆ ಸ್ಟಾಪ್‌ಲಾಗ್ ಗೇಟಲ್ಲ. ಅದು ನೀರನ್ನು ತಡೆದು ನಿಲ್ಲಿಸಬಲ್ಲದು, ಪ್ರವಾಹ ಬಂದಾಗ ಗೇಟಿನ ಹಾಗೆ ಏರಿಸಿ ಇಳಿಸಿ ನೀರನ್ನು ಹದವಾಗಿ ಬಿಡಲಾರದು. ಹೊಸ ಗೇಟಿನ ಚಿಂತೆ ಬಿಟ್ಟು ಅದರ ಮೇಲೆಯೇ ಭಾರ ಹಾಕಿ ಕೂರುವುದು ಅಪಾಯ.

ಆದ್ದರಿಂದ ಹುಡುಗರ ಪ್ರಶ್ನೆಗೆ ನನ್ನ ಉತ್ತರ ಪೂರ್ತಿ ಇಲ್ಲ ಎಂದಲ್ಲ. ನ್ಯಾಯಮೂರ್ತಿಯೊಬ್ಬರು ದೇಶದ ಗಾದಿಗೆ ಬರುವ ಹೊತ್ತು ಬಂದರೆ ಮೂರು ಸಂಗತಿ ನೋಡಿ ಎನ್ನುತ್ತೇನೆ. ಅವರನ್ನು ಕರೆದ ನಿಯಮ ಗಲಾಟೆಗೆ ಮೊದಲೇ ಇತ್ತೆ? ಹೋಗುವ ದಿನ ಬರುವ ದಿನವೇ ಗೊತ್ತಾಗಿತ್ತೆ? ಅಲ್ಲಿ ಹಾಕಿದ ಸಹಿಯ ಮೇಲೆ ತಾವೇ ತೀರ್ಪು ಹೇಳದಷ್ಟು ದೂರ ಅವರು ನಿಲ್ಲುತ್ತಾರೆಯೆ? ಮೂರಕ್ಕೂ ಹೌದು ಎಂಬ ಉತ್ತರವಿದ್ದ ಹಿದಾಯತುಲ್ಲಾ ಅವರ ಉದಾಹರಣೆಯಲ್ಲೂ ಸುಪ್ರೀಂ ಕೋರ್ಟು ಒಂದು ಬೆಲೆ ತೆತ್ತಿತು. ಆ ಕಾಲದ ಅತಿ ದೊಡ್ಡ ಆರ್ಥಿಕ ಮೊಕದ್ದಮೆಯಲ್ಲಿ ಅದರ ಮುಖ್ಯಸ್ಥರು ಬಾಯಿ ತೆರೆಯುವಂತಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ನಡೆದ 35 ದಿನಗಳ ಬೆಲೆಯೇ ಅಷ್ಟಾದರೆ, ನಿಯಮವೂ ಅವಧಿಯೂ ಇಲ್ಲದ ಕಡೆ ಬೆಲೆ ಎಷ್ಟಾದೀತು ಎಂಬ ಲೆಕ್ಕವನ್ನು ಮುಂದಿನ ತರಗತಿಗೆ ಅವರೇ ಹಾಕಿಕೊಂಡು ಬರಲಿ ಎಂದಿದ್ದೇನೆ.