ವಿದುರಾಶ್ವತ್ಥಕ್ಕೆ ಹೊರಟ ಮಕ್ಕಳಿಗೆ

ಹೊಸಪೇಟೆಯ ಚಿತ್ತವಾಡ್ಗಿಯ ಮಕ್ಕಳಿಗೆ ಹಂಪಿ ಮನೆಯಂಗಳವಿದ್ದಂತೆ. ಅಷ್ಟು ಕಲ್ಲು ಕಂಡ ಕಣ್ಣಿಗೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನೋಡಲು ಹೆಚ್ಚೇನಿಲ್ಲ. ಕೇಳಿ ತಿಳಿಯುವುದು ಬಹಳವಿದೆ.

*

1938ರ ಏಪ್ರಿಲ್ 25. ನಿಷೇಧವಿದ್ದರೂ ಕಾಂಗ್ರೆಸ್ ಬಾವುಟ ಹಾರಿಸಲು ಜನ ಇಲ್ಲಿ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಪರೀಕ್ಷೆಗೆ ಇಷ್ಟು ಸಾಕು, ಬದುಕಿಗೆ ಸಾಲದು.

*

ಸರ್ಕಾರದ ಲೆಕ್ಕಕ್ಕೆ ಸತ್ತವರು 10, ಜನರ ಲೆಕ್ಕಕ್ಕೆ 32. ಈ ಎರಡು ಅಂಕಿಗಳ ನಡುವೆ ಕಳೆದುಹೋದವರಿಗೂ ತಾಯಂದಿರಿದ್ದರು.

*

ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಈ ಊರಿಗೆ ಹೆಸರು. ಅಮೃತಸರದಲ್ಲಿ ಗುಂಡು ಹಾರಿದ್ದು 1919ರ ಬೈಸಾಖಿಯಂದು, ಇಲ್ಲಿ ಜಾತ್ರೆಯ ಕಾಲದಲ್ಲಿ. ಜನರಿಗೆ ಅಂಜುವ ಆಡಳಿತಕ್ಕೆ ಹಬ್ಬದ ಗುಂಪೂ ದಂಗೆಯಾಗಿಯೇ ಕಾಣುತ್ತದೆ.

*

ಆಗ ನಮ್ಮ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿ, ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು. ವಿದುರಾಶ್ವತ್ಥ ಮೈಸೂರು ಸಂಸ್ಥಾನದ್ದು: ಅರಸರು ನಮ್ಮವರು, ದಿವಾನರು ನಮ್ಮವರು, ಬಂದೂಕು ಹಿಡಿದವರೂ ನಮ್ಮವರೇ. ಪರರ ದಬ್ಬಾಳಿಕೆ ಯಾರಿಗಾದರೂ ಕಾಣುತ್ತದೆ. ನಮ್ಮವರದನ್ನು ಕಾಣುವ ಕಣ್ಣು ಬೆಳೆಸಿಕೊಳ್ಳಬೇಕು.

*

ದಿವಾನ ಮಿರ್ಜಾ ಇಸ್ಮಾಯಿಲರ ಕಾಲದಲ್ಲೇ ಬೃಂದಾವನ ಉದ್ಯಾನ ಅರಳಿತು, ಅವರ ಕಾಲದಲ್ಲೇ ವಿದುರಾಶ್ವತ್ಥದಲ್ಲಿ ರಕ್ತ ಹರಿಯಿತು. ಎರಡನ್ನೂ ಬರೆದಿಡಿ, ಒಂದರಿಂದ ಇನ್ನೊಂದನ್ನು ಕಳೆಯಬೇಡಿ.

*

ಅದೇ ಏಪ್ರಿಲ್ 11ರಂದು ಮದ್ದೂರು ಬಳಿಯ ಶಿವಪುರದಲ್ಲಿ ಬಾವುಟ ಹಾರಿಸಿದ ಟಿ. ಸಿದ್ಧಲಿಂಗಯ್ಯನವರನ್ನು ಬಂಧಿಸಿದರು. ಬೇಡಿಯಿಂದ ಗುಂಡಿನವರೆಗೆ ಹೋಗಲು ಅಧಿಕಾರಕ್ಕೆ ಎರಡು ವಾರ ಸಾಕಾಯಿತು.

*

ಗುಂಡಿನ ಸುದ್ದಿ ಹಬ್ಬಿದ ಮೇಲೆ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದು ದಿವಾನರೊಡನೆ ಕುಳಿತರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಹೆಣ ಬಿದ್ದ ಮೇಲೆ ಆಡಿದ ಮಾತನ್ನು ಮೊದಲೇ ಆಡಬಹುದಿತ್ತು.

*

ಅಲ್ಲಿನ ಸ್ಮಾರಕವಾದ ವೀರಸೌಧದಲ್ಲಿ ಫೋಟೊ ತೆಗೆಸಿಕೊಳ್ಳಿ, ತಪ್ಪಿಲ್ಲ. ಅದಕ್ಕೂ ಮೊದಲು ಹುತಾತ್ಮರಲ್ಲಿ ಒಬ್ಬರ ಹೆಸರನ್ನಾದರೂ ಬಾಯಿಬಿಟ್ಟು ಹೇಳಿ.

*

“ಸರ್, ಗುಂಡು ಹಾರಿಸ್ರಿ ಅಂದವ್ರು ಯಾರ್ರೀ?” ಒಂದು ಮಗು ಹೀಗೆ ಕೇಳಿದರೆ ಇಡೀ ಪ್ರವಾಸದ ಖರ್ಚು ಸಾರ್ಥಕ. ಮೇಷ್ಟ್ರು ಬಸ್ಸಿಗೆ ಹೊತ್ತಾಯಿತೆಂದು ಆ ಮಗುವಿನ ಬಾಯಿ ಮುಚ್ಚಿಸಬಾರದು.

*

ಹುತಾತ್ಮರಿಗೆ ಜೈಕಾರ ಹಾಕಲು ಒಂದು ಗಳಿಗೆ ಸಾಕು. ಅವರು ಕೇಳಿದ ಹಕ್ಕನ್ನು, ನಮಗೆ ಒಪ್ಪಿಗೆಯಾಗದ ಮಾತು ಆಡುವವರಿಗೂ ಬಿಟ್ಟುಕೊಡಲು ಜೀವಮಾನದ ಅಭ್ಯಾಸ ಬೇಕು.

*

ಗುಂಡಿನ ಸದ್ದು ಚರಿತ್ರೆಗೆ ಬೇಗ ಕೇಳಿಸುತ್ತದೆ, ಹಸಿವಿನದು ಕೇಳಿಸದು. 1876–78ರ ಧಾತು–ಈಶ್ವರ ಬರದಲ್ಲಿ ನಮ್ಮ ಬಳ್ಳಾರಿ ಸೀಮೆ ಬರಿದಾಯಿತು. ಬರಪರಿಹಾರದ ಕೂಲಿಯನ್ನು ಸರ್ಕಾರ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಿಷ್ಟು ಚಿಲ್ಲರೆ ಕಾಸಿಗೆ ಇಳಿಸಿತ್ತು. ಅಲ್ಲಿಯೂ ಜನರನ್ನು ಕೊಂದದ್ದು ಒಂದು ಆಜ್ಞೆಯೇ ಎನ್ನಬೇಕು.

*

ವಿದುರಾಶ್ವತ್ಥದಲ್ಲಿ ಸತ್ತವರಿಗೆ ಸ್ಮಾರಕವಿದೆ. ಬರದಲ್ಲಿ ಸತ್ತವರ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವುದು, ಆ ಸ್ಮಾರಕ ನೋಡಿ ಬಂದ ಚಿತ್ತವಾಡ್ಗಿಯ ಮಕ್ಕಳ ಪಾಲಿನ ಕೆಲಸ.