ಕಪ್ ಒಬ್ಬರದೇ, ದುಡ್ಡು?

ಮೊಬೈಲ್ ಗೇಮ್ ಟೂರ್ನಮೆಂಟಿನ ಪೋಸ್ಟರುಗಳು ಎಲ್ಲಾ ಊರಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಮೇಲೆ ಬಂದೂಕು ಹಿಡಿದ ಹೆಲ್ಮೆಟ್‌ಧಾರಿ, ಮಧ್ಯದಲ್ಲಿ ಎಂಟ್ರಿ ಫೀ ಮತ್ತು ಯುಪಿಐ ನಂಬರು, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ 'ವಿನ್ನರ್ ಟೇಕ್ಸ್ ಆಲ್'. ಗೆದ್ದವರಿಗೆ ಪೂರ್ತಿ, ಉಳಿದವರಿಗೆ ಚೊಂಬು.

ಶಿವಮೊಗ್ಗದ ನಮ್ಮ ವಿನೋಬನಗರದಲ್ಲಿ ಸಂಜೆ ಹೊತ್ತು ಪೊಲೀಸ್ ಚೌಕಿ, ನೂರಡಿ ರಸ್ತೆ ಕಡೆ ಒಂದು ಸುತ್ತು ಹಾಕಿದರೆ, ನಿಲ್ಲಿಸಿದ ಬೈಕುಗಳ ಮೇಲೆ ಕೂತು, ಫೋನು ಅಡ್ಡ ಹಿಡಿದು, 'ಲೆಫ್ಟಲ್ಲಿದಾನೆ ನೋಡೋ' ಅಂತ ಕೂಗೋ ಹುಡುಗರು ಸಿಗುತ್ತಾರೆ. ಆಡ್ತಿರೋದು ಬಿಜಿಎಂಐ. ಬಹುಪಾಲು ಪಿಯುಸಿ, ಡಿಪ್ಲೊಮಾ ಓದೋರು. ಕೆಲವರಿಗೆ ಅದು ಟೈಂಪಾಸ್. ಕೆಲವರಿಗೆ ಅಲ್ಲ. "ಇದೊಂದ್ ಸಲ ಗೆದ್ರೆ ಹೊಸ ಫೋನ್ ತಗೋತೀನಣ್ಣ" ಅಂತ ನನಗೆ ಹೇಳಿದ ಪಕ್ಕದ ಬೀದಿಯ ಹುಡುಗನ ಕೈಲಿದ್ದ ಫೋನಿನ ಸ್ಕ್ರೀನು ಮೂಲೆಯಲ್ಲಿ ಒಡೆದಿತ್ತು.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಮ್ಯಾಚಿಗೆ 16 ತಂಡ, ತಂಡಕ್ಕೆ ನಾಲ್ಕು ಜನ. ತಂಡಕ್ಕೆ 200 ರೂಪಾಯಿ ಫೀ ಅಂದರೆ 3,200 ರೂಪಾಯಿ ಸೇರಿತು. ನಡೆಸಿದವನು 700 ಇಟ್ಟುಕೊಂಡು 2,500 ಬಹುಮಾನ ಕೊಟ್ಟ ಅಂತಿಟ್ಟುಕೊಳ್ಳಿ. ನಾಲ್ಕು ಜನ ಖುಷಿಯಾಗಿ ಮನೆಗೆ ಹೋದರು. ಅರವತ್ತು ಜನ ಜೇಬು ಹಗುರ ಮಾಡಿಕೊಂಡು ಹೋದರು. ಎರಡನೇ ಸ್ಥಾನಕ್ಕೆ ಬಂದ ತಂಡ ಒಂದೇ ಒಂದು ಗುಂಡಿನಲ್ಲಿ ಸೋತಿರಬಹುದು. ಹದಿನಾರನೇ ತಂಡ ಮೊದಲ ಎರಡು ನಿಮಿಷದಲ್ಲೇ ಔಟಾಗಿರಬಹುದು. ಇಬ್ಬರಿಗೂ ಸಿಕ್ಕಿದ್ದು ಒಂದೇ: ಸೊನ್ನೆ.

ಇದರಲ್ಲಿ ಅನ್ಯಾಯ ಇದೆಯಾ?

ಇಲ್ಲ ಅನ್ನೋ ವಾದ ಗಟ್ಟಿಯಾಗೇ ಇದೆ. ಯಾರೂ ಯಾರ ಕುತ್ತಿಗೆ ಹಿಡಿದು ಆಡಿಸಿಲ್ಲ. ರೂಲ್ಸು ಮೊದಲೇ ಗೊತ್ತಿತ್ತು. ಅಮೆರಿಕದ ದಾರ್ಶನಿಕ ರಾಬರ್ಟ್ ನೋಜಿಕ್ 1974ರಲ್ಲಿ ಇದೇ ಥರದ ಒಂದು ಉದಾಹರಣೆ ಕೊಟ್ಟಿದ್ದ. ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್‌ನ ಆಟ ನೋಡೋಕೆ ಜನ ಖುಷಿಯಿಂದ ತಲೆಗೆ 25 ಸೆಂಟ್ ಜಾಸ್ತಿ ಕೊಡ್ತಾರೆ ಅಂತಿಟ್ಟುಕೊಳ್ಳಿ. ಸೀಸನ್ ಮುಗಿಯೋ ಹೊತ್ತಿಗೆ ಅವನು ಉಳಿದವರಿಗಿಂತ ಎಷ್ಟೋ ಪಟ್ಟು ಶ್ರೀಮಂತ. ಎಲ್ಲರೂ ಒಪ್ಪಿ ಕೊಟ್ಟಿದ್ದು ತಾನೆ, ತಪ್ಪು ಎಲ್ಲಿದೆ ತೋರಿಸಿ ಅಂತ ಅವನ ಸವಾಲು.

ಎರಡನೇ ವಾದ ಅರ್ಥಶಾಸ್ತ್ರದ್ದು. ಎಡ್ವರ್ಡ್ ಲೇಜಿಯರ್ ಮತ್ತು ಶೆರ್ವಿನ್ ರೋಸೆನ್ 1981ರಲ್ಲಿ ಟೂರ್ನಮೆಂಟುಗಳ ಬಗ್ಗೆ ಒಂದು ಪ್ರಸಿದ್ಧ ಲೇಖನ ಬರೆದರು. ಮೊದಲ ಮತ್ತು ಎರಡನೇ ಬಹುಮಾನದ ನಡುವಿನ ಅಂತರ ದೊಡ್ಡದಾದಷ್ಟೂ ಸ್ಪರ್ಧಿಗಳು ಹೆಚ್ಚು ಶ್ರಮ ಹಾಕ್ತಾರೆ ಅನ್ನೋದು ಅದರ ಸಾರ. ತಮಾಷೆ ಅಂದರೆ ಅವರು ತಲೆಕೆಡಿಸಿಕೊಂಡಿದ್ದು ಆಟದ ಬಗ್ಗೆ ಅಲ್ಲ, ಆಫೀಸಿನ ಬಗ್ಗೆ. ನಿನ್ನೆ ವೈಸ್ ಪ್ರೆಸಿಡೆಂಟ್ ಆಗಿದ್ದವನು ಇವತ್ತು ಪ್ರೆಸಿಡೆಂಟ್ ಆದರೆ ಸಂಬಳ ಒಂದೇ ದಿನದಲ್ಲಿ ಎಷ್ಟೋ ಪಟ್ಟು ಜಿಗಿಯುತ್ತೆ. ಒಂದೇ ರಾತ್ರಿಯಲ್ಲಿ ಅವನ ಬುದ್ಧಿ ಅಷ್ಟು ಬೆಳೀತಾ? ಇಲ್ಲ. ಆ ಸಂಬಳ ಅವನಿಗಲ್ಲ, ಆ ಕುರ್ಚಿ ನೋಡಿಕೊಂಡು ಕೆಳಗೆ ದುಡೀತಿರೋ ಉಳಿದವರಿಗೆ ತೋರಿಸೋ ಬೆಲ್ಲ. ಅಪ್ರೈಸಲ್ ತಿಂಗಳಲ್ಲಿ ನಿಮ್ಮ ಟೀಮಿನ ಎಂಟು ಜನರಲ್ಲಿ ಒಬ್ಬರಿಗೆ ಮಾತ್ರ ಟಾಪ್ ರೇಟಿಂಗ್ ಬಂದಾಗ ಇದನ್ನು ನೆನಪಿಸಿಕೊಳ್ಳಿ.

ಈ ಎರಡೂ ವಾದಗಳನ್ನು ನಾನು ತಳ್ಳಿಹಾಕೋದಿಲ್ಲ. ಆದರೆ ದೊಡ್ಡ ಟೂರ್ನಮೆಂಟುಗಳ ಲೆಕ್ಕ ನೋಡಿದರೆ ಒಂದು ವಿಚಿತ್ರ ಕಾಣುತ್ತೆ.

ಡೋಟಾ 2 ಆಟದ 'ದಿ ಇಂಟರ್‌ನ್ಯಾಷನಲ್' 2021ರ ಅಕ್ಟೋಬರಿನಲ್ಲಿ ರೊಮೇನಿಯಾದ ಬುಕಾರೆಸ್ಟಿನಲ್ಲಿ ನಡೆಯಿತು. ಒಟ್ಟು ಬಹುಮಾನ 4 ಕೋಟಿ ಡಾಲರ್. ಗೆದ್ದ ಟೀಮ್ ಸ್ಪಿರಿಟ್ ಒಂದೇ 1 ಕೋಟಿ 82 ಲಕ್ಷ ಡಾಲರ್ ಒಯ್ದಿತು, ಅಂದರೆ ಶೇಕಡಾ 45.5. ಎರಡನೆಯವರಿಗೆ ಶೇಕಡಾ 13. ಅಂತರ ಭಯಂಕರ. ಆದರೂ ಹದಿನೆಂಟು ತಂಡಗಳಲ್ಲಿ ಕಟ್ಟಕಡೆಗೆ ಬಂದವರಿಗೂ ತಲಾ ಒಂದು ಲಕ್ಷ ಡಾಲರ್ ಸಿಕ್ಕಿತು. 2019ರ ಫೋರ್ಟ್‌ನೈಟ್ ವರ್ಲ್ಡ್ ಕಪ್ಪಿನಲ್ಲಿ 'ಬುಘಾ' ಅನ್ನೋ ಹೆಸರಲ್ಲಿ ಆಡೋ ಹದಿನಾರರ ಹುಡುಗ ಕೈಲ್ ಗಿಯರ್ಸ್‌ಡಾರ್ಫ್ 30 ಲಕ್ಷ ಡಾಲರ್ ಗೆದ್ದಿದ್ದು ಎಲ್ಲಾ ಪೇಪರಲ್ಲೂ ಬಂತು. ಆ ಫೈನಲ್ಸಿಗೆ ಬಂದ ಪ್ರತಿಯೊಬ್ಬರಿಗೂ ಕನಿಷ್ಠ 50 ಸಾವಿರ ಡಾಲರ್ ಗ್ಯಾರಂಟಿ ಇತ್ತು ಅನ್ನೋದು ಅಷ್ಟಾಗಿ ಬರಲಿಲ್ಲ. ನಮ್ಮಲ್ಲೂ ಅಷ್ಟೇ: ಬಿಜಿಎಂಐನ ಮೊದಲ ದೊಡ್ಡ ಸರಣಿ, ಬಿಜಿಐಎಸ್ 2021ರಲ್ಲಿ ಒಟ್ಟು 1 ಕೋಟಿ ರೂಪಾಯಿಯಲ್ಲಿ ಗೆದ್ದ ಸ್ಕೈಲೈಟ್ಸ್ ಗೇಮಿಂಗ್‌ಗೆ 50 ಲಕ್ಷ, ಎರಡನೆಯವರಿಗೆ 25 ಲಕ್ಷ.

ಅಂದರೆ ದುಡ್ಡು ಹೆಚ್ಚಿರೋ ಕಡೆ ಯಾರೂ ಅಕ್ಷರಶಃ ಎಲ್ಲವನ್ನೂ ಒಬ್ಬರಿಗೇ ಕೊಡೋದಿಲ್ಲ. ಅಕ್ಷರಶಃ ಕೊಡೋದು ದುಡ್ಡು ಕಮ್ಮಿ ಇರೋ ಕಡೆ. ಕಾರಣ ಸರಳ. ಸ್ಪಾನ್ಸರ್ ಇಲ್ಲದ ಸಣ್ಣ ಟೂರ್ನಮೆಂಟಿನ ಪೋಸ್ಟರಿಗೆ ಒಂದು ದೊಡ್ಡ ನಂಬರು ಬೇಕು. 2,500 ರೂಪಾಯಿಯನ್ನು ಮೂರು ಭಾಗ ಮಾಡಿದರೆ ಯಾವ ಭಾಗವೂ ಕಣ್ಣಿಗೆ ಬೀಳೋದಿಲ್ಲ. ಹಾಗಾಗಿ, ಸೋಲನ್ನು ತಡೆದುಕೊಳ್ಳೋ ಶಕ್ತಿ ಯಾರಿಗೆ ಅತ್ಯಂತ ಕಮ್ಮಿಯೋ ಅವರು ಆಡೋ ಆಟದಲ್ಲೇ ಸೋಲಿನ ಬೆಲೆ ಅತ್ಯಂತ ಹೆಚ್ಚು. ನನಗೆ ಚುಚ್ಚೋದು ಇದು.

ಇಲ್ಲಿಗೆ ನೋಜಿಕ್‌ನ ವಾದವೂ ಸ್ವಲ್ಪ ಅಲ್ಲಾಡುತ್ತೆ. ಚೇಂಬರ್ಲೇನ್‌ಗೆ ದುಡ್ಡು ಕೊಟ್ಟಿದ್ದು ಪ್ರೇಕ್ಷಕರು, ಎದುರಾಳಿಗಳಲ್ಲ. ಆಟ ನೋಡಿದರು, ದುಡ್ಡಿಗೆ ತಕ್ಕದ್ದು ಸಿಕ್ಕಿತು, ಮನೆಗೆ ಹೋದರು. ನಮ್ಮ ಹುಡುಗರ ಮ್ಯಾಚಿನಲ್ಲಿ ಗೆದ್ದವನ ಬಹುಮಾನ ಸೋತವನ ಜೇಬಿಂದಲೇ ಬಂದಿದ್ದು. ಬಹುಮಾನ ಎಲ್ಲಿಂದ ಬಂತು ಅನ್ನೋದರ ಮೇಲೆ ಅದರ ಗುಣವೇ ಬದಲಾಗುತ್ತೆ. ಹೊರಗಿನವರು ಕೊಟ್ಟರೆ ಅದು ಸನ್ಮಾನ. ಆಟಗಾರರೇ ಗುಡ್ಡೆ ಹಾಕಿ ಒಬ್ಬ ಬಾಚಿಕೊಂಡರೆ ಅದಕ್ಕೆ ನಮ್ಮಜ್ಜಿ ಬೇರೆ ಹೆಸರು ಇಡ್ತಿದ್ದರು, ಆಟದಲ್ಲಿ ಎಷ್ಟೇ ಕೌಶಲ ಇರಲಿ.

ಕಾನೂನು ಕೂಡ ಈ ಗೆರೆ ಎಳೆಯೋಕೆ ಪ್ರಯತ್ನಿಸಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸನ್ನು ಕ್ರೀಡೆ ಅಂತ ಮಾನ್ಯ ಮಾಡಿ, ಹಣ ಕಟ್ಟಿ ಆಡೋ ಗೇಮುಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸಿನಲ್ಲಿ ಪ್ರವೇಶಕ್ಕೆ ಅಥವಾ ನಡೆಸೋ ಖರ್ಚಿಗೆ ಅಂತ ಫೀ ತಗೋಬಹುದು, ಆಟ ನೋಡಿ ಬಹುಮಾನ ಕೊಡಬಹುದು, ಪಣ ಮಾತ್ರ ಇಡುವಂತಿಲ್ಲ. ಆದರೆ ಫೀ ಎಲ್ಲಿ ಮುಗಿದು ಪಣ ಎಲ್ಲಿ ಶುರುವಾಗುತ್ತೆ ಅನ್ನೋದನ್ನು ವಾಟ್ಸಾಪ್ ಗ್ರೂಪಿನಲ್ಲಿ ಯಾರು ನೋಡ್ತಾರೆ? ಅದನ್ನು ಕೋರ್ಟಿಗಿಂತ ಮೊದಲು ನಮ್ಮ ನಮ್ಮ ಮನಸ್ಸೇ ತೀರ್ಮಾನಿಸಬೇಕು.

'ಅವರೇ ಒಪ್ಪಿ ಬಂದಿದ್ದಲ್ವಾ' ಅನ್ನೋ ಮಾತಿಗೂ ಒಂದು ಮಿತಿ ಇದೆ. ಆಡಂ ಸ್ಮಿತ್ 1776ರಲ್ಲೇ ವಕೀಲಿ ವೃತ್ತಿಯನ್ನು ಲಾಟರಿಗೆ ಹೋಲಿಸಿದ್ದ. ಇಪ್ಪತ್ತು ಜನ ಓದಿ ಒಬ್ಬ ಮೇಲೆ ಬರೋದಾದರೆ, ಆ ಒಬ್ಬನಿಗೆ ಇಪ್ಪತ್ತು ಜನರ ಪಾಲೂ ಸಿಕ್ಕರೆ ಮಾತ್ರ ಲಾಟರಿ ಸರಿಯಾದದ್ದು. ನಿಜದಲ್ಲಿ ಅಷ್ಟು ಯಾವತ್ತೂ ಸಿಗೋದಿಲ್ಲ. ಆದರೂ ಜನ ನುಗ್ಗುತ್ತಾರೆ, ಯಾಕಂದರೆ ವಯಸ್ಸಿನಲ್ಲಿ ಪ್ರತಿಯೊಬ್ಬನೂ ತನ್ನ ಅದೃಷ್ಟವನ್ನು ಜಾಸ್ತಿ ನಂಬುತ್ತಾನೆ ಅಂತ ಅವನ ಲೆಕ್ಕ. ಹದಿನೇಳರ ಹುಡುಗ ಒಪ್ಪಿದ್ದು ನಿಜ. ಆದರೆ ತಾನು ಗೆಲ್ಲೋ ಆಟಕ್ಕೆ ಒಪ್ಪಿದ್ದಾನೆ, ಹದಿನಾರರಲ್ಲಿ ಹದಿನೈದು ತಂಡ ಸೋಲೋ ಆಟಕ್ಕಲ್ಲ. ಮೇಲಾಗಿ ಸೋತವನ ಕೈಲಿ ಏನು ಉಳಿಯುತ್ತೆ? ವಕೀಲಿ ಓದಿದವನಿಗೆ ಡಿಗ್ರಿಯಾದರೂ ಇರುತ್ತೆ. ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಸ್ಟೋರುಗಳಿಂದ ಕಾಣೆಯಾಗಿ ವಾಪಸ್ ಬಂದಿದ್ದು 2023ರ ಮೇನಲ್ಲಿ. ಆ ಹತ್ತು ತಿಂಗಳು ಈ ಹುಡುಗರ ಸಾವಿರಾರು ಗಂಟೆಯ ಪ್ರಾಕ್ಟೀಸು ಯಾವ ರೆಸ್ಯೂಮಿಗೂ ಬರಲಿಲ್ಲ.

ಹಾಗಾದರೆ ಎಲ್ಲರಿಗೂ ಸಮ ಹಂಚಬೇಕಾ? ಬೇಡ. ಸಮ ಹಂಚಿದರೆ ಸುಮ್ಮನೆ ಲಾಗಿನ್ ಆಗಿ ಕೂರೋರು ಬರ್ತಾರೆ, ಆಟ ಸಾಯುತ್ತೆ. ನಾನು ಹೇಳೋದು ಬೇರೆ: ಪಟ್ಟ ಮತ್ತು ದುಡ್ಡು ಎರಡು ಬೇರೆ ಬೇರೆ ವಸ್ತು. ಪಟ್ಟ ಒಡೆಯೋಕೆ ಬರೋದಿಲ್ಲ. ಚಾಂಪಿಯನ್ ಒಬ್ಬನೇ, ಎರಡನೆಯವನು 'ಮುಕ್ಕಾಲು ಚಾಂಪಿಯನ್' ಅಲ್ಲ. ದುಡ್ಡು ಹಾಗಲ್ಲ. ಅದು ಚಿಲ್ಲರೆ ಸಿಗೋ ಪದಾರ್ಥ. ಪಟ್ಟ ಇಡಿಯಾಗಿ ಒಬ್ಬರಿಗೆ ಹೋಗಬೇಕು ಅನ್ನೋ ಕಾರಣಕ್ಕೆ ದುಡ್ಡೂ ಇಡಿಯಾಗಿ ಅವರ ಹಿಂದೆಯೇ ಹೋಗಬೇಕಿಲ್ಲ.

2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ಗುಕೇಶ್ ವಿಶ್ವ ಚೆಸ್ ಚಾಂಪಿಯನ್ ಆಗಿದ್ದು ನೆನಪಿದೆಯಲ್ಲ. ಒಟ್ಟು ಬಹುಮಾನ 25 ಲಕ್ಷ ಡಾಲರ್. ನಿಯಮ ಏನಿತ್ತು ಅಂದರೆ, ಗೆದ್ದ ಪ್ರತಿ ಗೇಮಿಗೆ 2 ಲಕ್ಷ, ಉಳಿದದ್ದು ಇಬ್ಬರಿಗೂ ಅರ್ಧರ್ಧ. ಗುಕೇಶ್ ಮೂರು ಗೇಮು ಗೆದ್ದು 13.5 ಲಕ್ಷ ಪಡೆದರೆ, ಎರಡು ಗೆದ್ದ ಡಿಂಗ್ ಲಿರೆನ್‌ಗೆ 11.5 ಲಕ್ಷ. ಇದರಿಂದ ಗುಕೇಶ್ ಪಟ್ಟ ಒಂದು ಗ್ರಾಂ ಕಮ್ಮಿ ತೂಗಿತಾ? ಕೊನೆಯ ಗೇಮಿನ ಉಸಿರು ಬಿಗಿಹಿಡಿಸೋ ಗುಣ ಕಮ್ಮಿಯಾಯ್ತಾ? ನಮ್ಮಲ್ಲೂ ಇದು ಹೊಸದಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳದಲ್ಲಿ ಮೊದಲ ಬಹುಮಾನ 16 ಗ್ರಾಂ ಚಿನ್ನ, 1 ಲಕ್ಷ ರೂಪಾಯಿ. ಎರಡನೆಯದು 8 ಗ್ರಾಂ, 50 ಸಾವಿರ. ಜನ ಗೆದ್ದೆತ್ತಿನ ಬಾಲ ಹಿಡೀತಾರೆ, ನಿಜ. ಆದರೆ ಪಕ್ಕದ ಕರೆಯಲ್ಲಿ ಇನ್ನೊಂದು ಜೋಡಿ ಜೀವ ಬಿಟ್ಟು ಓಡದಿದ್ದರೆ ಗೆದ್ದ ಜೋಡಿಯ ಓಟ ಬರೀ ವಾಕಿಂಗ್ ಅನ್ನೋದು ಕೋಣ ಕಟ್ಟೋರಿಗೆ ಗೊತ್ತು. ಪಂದ್ಯವನ್ನು ಒಬ್ಬನೇ ಗೆಲ್ಲಬಹುದು, ಒಬ್ಬನೇ ಆಡೋಕಾಗಲ್ಲ.

ಕ್ರಿಕೆಟ್ಟಿನಲ್ಲಿ ಈ ಪ್ರಶ್ನೆ ಯಾಕೆ ಏಳೋದಿಲ್ಲ ಅಂದರೆ ಅಲ್ಲಿ ಬಹುಮಾನ ಊಟ ಅಲ್ಲ, ಊಟದ ಮೇಲಿನ ಪಾಯಸ. 2025ರಲ್ಲಿ ಆರ್‌ಸಿಬಿ ಕಪ್ ಗೆದ್ದಾಗ ಇಡೀ ತಂಡಕ್ಕೆ ಸಿಕ್ಕ ಬಹುಮಾನ 20 ಕೋಟಿ. ಆ ಸೀಸನ್ನಿಗೆ ಕೊಹ್ಲಿ ಒಬ್ಬರನ್ನೇ ಉಳಿಸಿಕೊಳ್ಳೋಕೆ ಅದೇ ತಂಡ ಕೊಟ್ಟಿದ್ದು 21 ಕೋಟಿ. ಸೋತ ವರ್ಷಗಳಲ್ಲೂ ಸಂಬಳ ನಿಂತಿರಲಿಲ್ಲ. ಸಂಬಳ, ಕಾಂಟ್ರ್ಯಾಕ್ಟ್ ಏನೂ ಇಲ್ಲದವನಿಗೆ ಬಹುಮಾನವೇ ಊಟ.

ಹಂಚಿಕೆ ಬೇಡ ಅಂದರೆ ಹಂಚಿಕೆ ನಿಂತುಬಿಡುತ್ತೆ ಅಂತಲೂ ಇಲ್ಲ, ಕದ್ದು ನಡೆಯುತ್ತೆ. 2012ರ ಆಗಸ್ಟಿನಲ್ಲಿ ಅಮೆರಿಕದ ರಾಲಿಯಲ್ಲಿ ನಡೆದ ಎಂಎಲ್‌ಜಿ ಟೂರ್ನಮೆಂಟಿನ ಲೀಗ್ ಆಫ್ ಲೆಜೆಂಡ್ಸ್ ಫೈನಲ್‌ಗೆ ಕರ್ಸ್ ಮತ್ತು ಡಿಗ್ನಿಟಾಸ್ ತಂಡಗಳು ಬಂದವು. ಯಾರು ಗೆದ್ದರೂ ದುಡ್ಡು ಹಂಚಿಕೊಳ್ಳೋಣ ಅಂತ ಮೊದಲೇ ಮಾತಾಡಿಕೊಂಡು, ಮೊದಲ ಗೇಮನ್ನು ಗಂಭೀರವಾಗಿ ಆಡದೆ ತಮಾಷೆಗೆ ಆಡಿದರು. ಇಬ್ಬರನ್ನೂ ಅನರ್ಹ ಮಾಡಲಾಯಿತು. ಆ ಶಿಕ್ಷೆ ಸರಿ ಅಂತಲೇ ನನ್ನ ಅಭಿಪ್ರಾಯ. ನೋಡೋಕೆ ಬಂದವರಿಗೆ ಮೋಸ ಆಯ್ತು. ಆದರೆ ತಪ್ಪು ಹಂಚಿಕೊಂಡಿದ್ದರಲ್ಲಿ ಇಲ್ಲ, ಕದ್ದು ಹಂಚಿಕೊಂಡು ಆಟ ಕೆಡಿಸಿದ್ದರಲ್ಲಿ ಇದೆ. ಫೈನಲ್ ತಲುಪಿದ ತಂಡಗಳೇ ತಮ್ಮತಮ್ಮಲ್ಲೇ ಒಂದು ಇನ್ಶೂರೆನ್ಸ್ ಮಾಡಿಕೊಂಡವು ಅಂದರೆ, ಅಷ್ಟು ದೊಡ್ಡ ಅಂತರದ ರಿಸ್ಕು ಗೆಲ್ಲಬಲ್ಲವರಿಗೂ ಬೇಡವಾಗಿತ್ತು ಅಂತ ತಾನೆ?

ಇನ್ನು ಕೆಲವರು ಹೇಳೋದು: ಗೆದ್ದವನೇ ಒಳ್ಳೆ ಮನಸ್ಸಿನಿಂದ ಉಳಿದವರಿಗೆ ಕೊಡಲಿ. ಗೆದ್ದವರು ಪಾರ್ಟಿ ಕೊಡಿಸೋದೂ ಉಂಟು. ಆದರೆ ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ವಿನೋಬಾ ಭಾವೆಯವರ ಕಥೆಯೇ ಇದಕ್ಕೆ ಉತ್ತರ. 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂದಾನ ಶುರುಮಾಡಿದ ಅವರು ಜಮೀನ್ದಾರರ ಹತ್ತಿರ ಕೇಳ್ತಿದ್ದ ರೀತಿ ಚಂದ: ನಿಮಗೆ ಐದು ಮಕ್ಕಳಿದ್ದರೆ ನನ್ನನ್ನು ಆರನೆಯವನು ಅಂದುಕೊಂಡು ನನ್ನ ಪಾಲು ಕೊಡಿ. ಭಿಕ್ಷೆ ಅಲ್ಲ, ಪಾಲು. ಲಕ್ಷಾಂತರ ಎಕರೆ ದಾನವಾಗಿ ಬಂತು. ಆದರೆ ಕೊಡೋರ ಮನಸ್ಸಿನ ಮೇಲೆ ನಿಂತಿದ್ದರಿಂದ ಅದರಲ್ಲಿ ಬಹಳಷ್ಟು ಬಡವರ ಕೈಗೆ ತಲುಪಲೇ ಇಲ್ಲ. ಪಾಲು ಅನ್ನೋ ಮಾತು ಸರಿ. ಆದರೆ ಅದು ಗೆದ್ದಮೇಲೆ ಬರೋ ಔದಾರ್ಯ ಆಗಬಾರದು, ಆಡೋಕೆ ಮೊದಲೇ ಬರೆದಿಟ್ಟ ರೂಲ್ ಆಗಬೇಕು.

ಇದನ್ನು ಓದ್ತಿರೋ ನಿಮ್ಮಲ್ಲಿ ಕೆಲವರು ಆಫೀಸಿನ ಗೇಮಿಂಗ್ ನೈಟ್ ನಡೆಸ್ತೀರಿ, ಕೆಲವರು ಓದಿದ ಕಾಲೇಜಿನ ಫೆಸ್ಟಿಗೆ, ಊರಿನ ಯುವಕ ಸಂಘದ ಟೂರ್ನಮೆಂಟಿಗೆ ದುಡ್ಡು ಕಳಿಸ್ತೀರಿ. ಮುಂದಿನ ಸಲ ಕಳಿಸುವಾಗ ಎರಡು ಷರತ್ತು ಹಾಕಿ. ಒಂದು, ಬಹುಮಾನದ ದುಡ್ಡು ಆಟಗಾರರ ಫೀಸಿನಿಂದ ಬರಬಾರದು. ಎರಡು, ಎರಡನೆಯವರಿಗೆ ಮೊದಲನೆಯವರ ಅರ್ಧ, ಮತ್ತು ಫೈನಲ್ ದಿನ ಆಡಿದ ಪ್ರತಿ ತಂಡಕ್ಕೆ ಕೊನೇಪಕ್ಷ ಬಸ್ ಚಾರ್ಜು, ಊಟ. ಪೋಸ್ಟರಿನ ನಂಬರು ಸ್ವಲ್ಪ ಚಿಕ್ಕದಾಗುತ್ತೆ, ಆಗಲಿ. ಕಪ್ ಎತ್ತಿ ಹಿಡಿಯೋ ಫೋಟೋದಲ್ಲಿ ಆಗಲೂ ಒಂದೇ ತಂಡ ಇರುತ್ತೆ. ಉಳಿದ ಹುಡುಗರು ಮನೆಗೆ ಹೋಗೋಕೆ ಯಾರ ಹತ್ತಿರವೂ ಸಾಲ ಕೇಳಬೇಕಾಗಿರೋದಿಲ್ಲ, ಅಷ್ಟೇ ವ್ಯತ್ಯಾಸ.